ಎಂಟು ಮೆಟ್ಟಿಲಿನ ಮಾತು

ಮಾತು ಹೆಚ್ಚಾದರೆ ಹಿರಿಯರು ಗದರುವುದುಂಟು. ತೀರ ಕಡಿಮೆಯಾದರೆ ಕಳವಳಪಡುವುದೂ ಉಂಟು. ಎಷ್ಟು ಆಡಬೇಕು, ಯಾವಾಗ ಆಡಬೇಕು ಎಂಬ ಈ ತೊಡಕು ಮನುಷ್ಯನಿಗಷ್ಟೇ ಮೀಸಲಲ್ಲ. ಕಂಪ್ಯೂಟರಿಗೂ ಅದು ತಪ್ಪಿದ್ದಲ್ಲ.

ಕಂಪ್ಯೂಟರಿನ ಅಂಗಾಂಗಗಳನ್ನೆಲ್ಲ ಅಂಕೆಯಲ್ಲಿಟ್ಟು ನಡೆಸುವ ಮೂಲ ಪ್ರೋಗ್ರಾಮಿಗೆ ಕರ್ನಲ್ ಎಂದು ಹೆಸರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲೀನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಬರೆಯತೊಡಗಿದ ಲಿನಕ್ಸ್ ಕರ್ನಲ್, ಆಂಡ್ರಾಯ್ಡ್ ಫೋನುಗಳ ಒಳಹೊಕ್ಕು ಇಂದು ಮನೆಮನೆಯನ್ನೂ ಸೇರಿದೆ. ಕೆಲಸ ಮಾಡುತ್ತಲೇ ಅದು ತನ್ನ ದಿನಚರಿಯನ್ನು ಬರೆದಿಡುತ್ತದೆ. ಆ ಬರಹಕ್ಕೆ 0ಯಿಂದ 7ರವರೆಗೆ ಎಂಟು ಮೆಟ್ಟಿಲು. 0 ಎಂದರೆ ಮನೆಗೆ ಬೆಂಕಿ ಬಿದ್ದಾಗಿನ ಕೂಗು. 3 ಎಂದರೆ ತಪ್ಪಿನ ವರದಿ. 7 ಎಂದರೆ ದೋಷ ಹುಡುಕುವವನ ಕಿವಿಗೆ ಮಾತ್ರ ಹೇಳುವ ಪಿಸುಮಾತು. ಇದೇ ಡೀಬಗ್ ಸಂದೇಶ.

ಸಾವಿರಾರು ಕೈಗಳು ಕೂಡಿ ಬರೆಯುವ ಈ ಕೃತಿಗೆ ಒಂದು ಶೈಲಿಯ ಕೈಪಿಡಿಯುಂಟು. ಸಂದೇಶಗಳಿಗಾಗಿಯೇ ಅದರಲ್ಲಿ ಒಂದು ಅಧ್ಯಾಯವಿದೆ. ಕಾಗುಣಿತ ತಪ್ಪಬಾರದು, ಬರೆದವರು ಅಕ್ಷರಸ್ಥರೆಂದು ತೋರಬೇಕು. ಮಾತು ಚಿಕ್ಕದಾಗಿ, ಸ್ಪಷ್ಟವಾಗಿ, ಎರಡರ್ಥಕ್ಕೆ ಎಡೆಯಿಲ್ಲದಂತಿರಬೇಕು. ಅಂಕಿಗಳಿಗೆ ವೃಥಾ ಆವರಣ ತೊಡಿಸಬಾರದು. ಯಾವ ಕನ್ನಡ ಮೇಷ್ಟರಾದರೂ ಮೆಚ್ಚುವ ಕಟ್ಟಳೆಗಳೇ! ಕೊನೆಯಲ್ಲಿ ಪೂರ್ಣವಿರಾಮ ಬೇಕಿಲ್ಲವೆಂಬ ಒಂದು ಮಾತಿಗೆ ಮಾತ್ರ ಅವರು ಹುಬ್ಬು ಗಂಟಿಕ್ಕಿಯಾರು.

ಸಾಲು 80 ಅಕ್ಷರಗಳೊಳಗಿದ್ದರೆ ಲೇಸೆನ್ನುವ ಅದೇ ಕೈಪಿಡಿ, ಸಂದೇಶದ ಸಾಲನ್ನು ಮಾತ್ರ ಎಂದೂ ಮುರಿಯಬೇಡಿರೆನ್ನುತ್ತದೆ. ಈ ವಿನಾಯಿತಿ ಏಕೆ? ನಡುರಾತ್ರಿ ಎಲ್ಲಿಯೋ ಒಂದು ಯಂತ್ರ ಕೆಡುತ್ತದೆ. ಅದರ ಒಡೆಯ, ತೆರೆಯ ಮೇಲೆ ಕಂಡ ಸಾಲನ್ನು ಹಾಗೆಯೇ ನಕಲು ಮಾಡಿ ಕಳುಹಿಸುತ್ತಾನೆ. ಸಾವಿರಾರು ಮೈಲಿಯಾಚೆ ಕುಳಿತವನಿಗೆ ಕೆಟ್ಟ ಯಂತ್ರ ಕಾಣದು, ಮುಟ್ಟಲು ಸಿಗದು. ಕೈಯಲ್ಲಿರುವುದು ಆ ಒಂದೇ ಸಾಲು. ಅದನ್ನು ಹಿಡಿದು ಕೋಟಿಗಟ್ಟಲೆ ಸಾಲುಗಳ ನಡುವೆ ಅವನು ಮೂಲವನ್ನು ಅರಸಬೇಕು. ಬರೆದವನು ಅಂದಕ್ಕೆಂದು ಸಾಲನ್ನು ಎರಡಾಗಿ ಕತ್ತರಿಸಿದ್ದರೆ ಹುಡುಕಾಟ ಅಲ್ಲಿಗೇ ತಪ್ಪೀತು. ಯಾವ ಸಾಧನದ ಮಾತೆಂಬುದೂ ಮೊದಲಲ್ಲೇ ತಿಳಿಯಬೇಕು. ಹೆಸರಿಲ್ಲದ ದೂರನ್ನು ಯಾರ ಮೇಲೆ ಹೊರಿಸುವುದು?

ಹಾಗಾದರೆ ಕಂಡದ್ದನ್ನೆಲ್ಲ ಬರೆದಿಡಬಹುದಲ್ಲ ಎಂದು ಓದುಗರು ಕೇಳಬಹುದು. ಮಾತಿನ ಮಳೆ ಸುರಿದರೆ ಯಂತ್ರದ ನಡಿಗೆಯೇ ನಿಧಾನವಾಗುತ್ತದೆ. ಕೆಲವು ದೋಷಗಳು ಕ್ಷಣದ ಹೆಚ್ಚುಕಡಿಮೆಯಿಂದ ಹುಟ್ಟುವಂಥವು. ಸಂದೇಶ ಬರೆಯುವಷ್ಟು ತಡವಾದರೂ, ದೀಪ ಹಚ್ಚಿದೊಡನೆ ಅಡಗುವ ಕಳ್ಳನಂತೆ ಅವು ಮಾಯವಾಗುತ್ತವೆ. ಜೊತೆಗೆ ಮನೆಯ ಗುಟ್ಟು ರಟ್ಟಾಗುವ ಭಯವೂ ಉಂಟು. ಸಂದೇಶದಲ್ಲಿ ಸೋರಿದ ಸ್ಮೃತಿಕೋಶದ ವಿಳಾಸ ಕನ್ನ ಹಾಕುವವನಿಗೆ ದಾರಿ ತೋರೀತೆಂದು, 2018ರಲ್ಲಿ ಹೊರಬಂದ 4.15ನೆಯ ಆವೃತ್ತಿಯಿಂದ ಅಂಥ ವಿಳಾಸಗಳನ್ನು ಸಾಮಾನ್ಯವಾಗಿ ಮರೆಮಾಚಿಯೇ ಅಚ್ಚಿಸುತ್ತಾರೆ. ಆದುದರಿಂದ ಏಳನೆಯ ಮೆಟ್ಟಿಲಿನ ಪಿಸುಮಾತಿಗೆ ಮೌನವೇ ಸಹಜ ಸ್ಥಿತಿ. ಬೇಕಾದಾಗ, ಯಂತ್ರವನ್ನು ನಿಲ್ಲಿಸದೆಯೇ, ಬೇಕಾದ ಒಂದು ಸಾಲನ್ನಷ್ಟೇ ಎಚ್ಚರಿಸುವ ಏರ್ಪಾಟೂ ಇದೆ.

ಇವೆಲ್ಲ ಬರಿಯ ಅಲಂಕಾರದ ನಿಯಮಗಳಲ್ಲ. ಬರೆದವನೇ ಮರೆತ ಮೇಲೂ ಆ ಸಾಲು ಉಳಿಯುತ್ತದೆ. ಮುಂದೊಂದು ದಿನ ಸಂಕಟದಲ್ಲಿ ಸಿಕ್ಕವನೊಬ್ಬನಿಗೆ, ಅವನ ಮುಖವನ್ನೇ ಕಾಣದೆ ಬರೆದಿಟ್ಟ ಕಾಗದ ಅದು.