‘ಚೊತ್ತೊ...’ ಅಂದ್ರೆ ಇಲ್ಲ ಅಂತ

ಜಪಾನ್‌ಗೆ ಹೊರಡೋ ಮೂರು ತಿಂಗಳು ಮುಂಚೆಯೇ ಜಪಾನಿ ಭಾಷೆ ಕಲಿಯೋಕೆ ಶುರು ಮಾಡಿದ್ದೆ. ಕಾರಣ ಅಮ್ಮ. ಮೊಟ್ಟೆ ಕೂಡ ಮುಟ್ಟೋಳಲ್ಲ. ಹಾಕೋನೆಯ ಒಂದು ರ್‍ಯೊಕಾನ್‌ನಲ್ಲಿ ಇಬ್ಬರಿಗೂ ಎರಡು ರಾತ್ರಿ ಬುಕ್ ಮಾಡಿದ್ದೆ. ರ್‍ಯೊಕಾನ್ ಅಂದ್ರೆ ಚಾಪೆ ಹಾಸಿದ ಕೋಣೆ, ಬಿಸಿನೀರ ಬುಗ್ಗೆಯ ಸ್ನಾನ, ರಾತ್ರಿಯೂಟ ಎಲ್ಲ ಸೇರಿದ ಹಳೇ ಶೈಲಿಯ ಹೋಟೆಲ್.

ಭಾಷೆ ಅಂದುಕೊಂಡಷ್ಟು ಕಷ್ಟ ಆಗಲಿಲ್ಲ. ಕನ್ನಡದ ಹಾಗೇ ಕ್ರಿಯಾಪದ ಕೊನೆಗೆ. ‘ವತಾಶಿ ವ ನಿಕು ಒ ತಬೆಮಸೆನ್’: ನಾನು ಮಾಂಸವನ್ನು ತಿನ್ನಲ್ಲ. ಅದೇ ಕ್ರಮ! ಕೊನೆಗೆ ‘ಕಾ’ ಸೇರಿಸಿದರೆ ಪ್ರಶ್ನೆ, ನಮ್ಮ ‘ಬಂದ್ರಾ’ ಥರ. ‘ನೆ’ ಅಂದ್ರೆ ‘ಅಲ್ವಾ’. ಇಂಗ್ಲಿಷ್ ಬಿಟ್ಟು ಕನ್ನಡದಲ್ಲೇ ಯೋಚಿಸಿದ ಮೇಲೆ ಕಲಿಕೆಗೆ ವೇಗ ಬಂತು.

ಚೆಕ್-ಇನ್ ಮಾಡುವಾಗ ಮೀನು, ಮಾಂಸ ತಿನ್ನಲ್ಲ ಅಂದೆ. ‘ಹೈ, ಹೈ’ ಅಂದ್ರು. ಪುಸ್ತಕದಲ್ಲಿ ‘ಹೈ’ ಅಂದ್ರೆ ಹೌದು. ಮಾತಿನಲ್ಲಿ ಬರೀ ‘ಹ್ಞೂಂ, ಕೇಳಿಸ್ಕೊಂಡೆ’ ಅಂತಲೂ ಆಗುತ್ತೆ. ಅದು ನನಗೆ ಹೊಳೀಲಿಲ್ಲ.

ರಾತ್ರಿ ತೋಫು, ಅನ್ನ, ತರಕಾರಿ ತೆಂಪುರಾ, ಮಿಸೊ ಸೂಪ್. ಅಮ್ಮ ಸೂಪ್ ಪೂರ್ತಿ ಕುಡಿದಳು. ಏನೋ ವಾಸನೆ ಬಂದು ಬಡಿಸೋ ಹುಡುಗಿಯನ್ನ ಕೇಳಿದೆ, ‘ದಶಿ ವ ಹೈತ್ತೆ ಇಮಸ್ ಕಾ?’ ದಶಿ ಅಂದ್ರೆ ಅವರ ಅಡುಗೆಯ ಮೂಲರಸ. ‘ಹೈ, ಕತ್ಸುವೊಬುಶಿ’ ಅಂದ್ಲು ಖುಷಿಯಿಂದ. ಒಣಗಿಸಿದ ಮೀನು. ಅವರ ಲೆಕ್ಕದಲ್ಲಿ ಅದು ಮೀನು ತಿಂದ ಹಾಗಲ್ಲ, ನಮಗೆ ಒಗ್ಗರಣೆ ಇದ್ದ ಹಾಗೆ.

“ಏನಂದ್ಲು?” ಅಮ್ಮ ಕೇಳಿದಳು. ಸುಳ್ಳು ಹೇಳೋದು ಬಹಳ ಸುಲಭವಿತ್ತು. ನಿಜ ಹೇಳಿಬಿಟ್ಟೆ. ಬಟ್ಟಲು ಕೆಳಗಿಟ್ಟು ಸುಮಾರು ಹೊತ್ತು ಸುಮ್ಮನೆ ಕೂತಳು. ಆಮೇಲೆ, “ಗೊತ್ತಿಲ್ದೆ ಆಗಿದ್ದು, ಬಿಡು. ಆ ಹುಡುಗೀನ ಏನೂ ಅನ್ಬೇಡ.”

ಕೆಳಗೆ ಹೋಗಿ ನಾಳೆ ದಶಿ ಇಲ್ಲದೆ ಮಾಡೋಕಾಗುತ್ತಾ ಅಂತ ಕೇಳಿದೆ. ಕೌಂಟರಿನವರು ತಲೆ ವಾರೆ ಮಾಡಿ “ಚೊತ್ತೊ...” ಅಂದು ನಿಲ್ಲಿಸಿದರು. ಚೊತ್ತೊ ಅಂದ್ರೆ ಸ್ವಲ್ಪ. ಸ್ವಲ್ಪ ಏನು? ಮುಂದಿನ ಮಾತಿಗೆ ಕಾದೆ. ಬರಲೇ ಇಲ್ಲ. ಆಗ ಅರ್ಥವಾಯ್ತು, ಇದು ನಮ್ಮ ಮನೆಗಳ ‘ನೋಡೋಣ’. ಮುಖಕ್ಕೆ ಹೊಡೆದ ಹಾಗೆ ‘ಇಲ್ಲ’ ಅನ್ನಬಾರದಲ್ಲ!

ಪ್ರಶ್ನೆ ಬದಲಿಸಿದೆ. “ಕೊಂಬು ವ ದೈಜೋಬು ದೆಸ್.” ಕೊಂಬು ಪರವಾಗಿಲ್ಲ ಅಂತ. ಅದು ಸಮುದ್ರದ ಪಾಚಿ, ಅದರಿಂದಲೂ ದಶಿ ಮಾಡ್ತಾರೆ. ಅವರ ಮುಖ ಅರಳಿತು, ಸೀದಾ ಅಡುಗೆಮನೆಗೆ ಹೋದರು.

ಬೆಳಿಗ್ಗೆ ಅದೇ ಹುಡುಗಿ ಅಮ್ಮನ ಮುಂದೆ ಮುಚ್ಚಿದ ಬಟ್ಟಲಿಟ್ಟು “ಕೊಂಬು, ಕೊಂಬು” ಅಂದಳು.

“ಇನ್ನೊಂದ್ಸಲ ಕೇಳೋ” ಅಂದಳು ಅಮ್ಮ. ಕೇಳಿದೆ. ಆಮೇಲೆ ಒಂದು ಗುಟುಕು ಕುಡಿದು, ಹುಡುಗಿ ಕಡೆ ತಿರುಗಿ, “ಚೆನ್ನಾಗಿದೆ ಕಣಮ್ಮ” ಅಂದಳು.

“ಹೈ” ಅಂತ ಅವಳು ತಲೆಬಾಗಿದಳು.