ಹೊರೆ ಯಾರದು?

ಪ್ರಯಾಣಕ್ಕೆ ಹೊರಟವನ ಪೆಟ್ಟಿಗೆಯನ್ನು ಬಿಚ್ಚಿ ನೋಡಿದರೆ, ಅವನು ಹೋಗುವ ಊರಿಗಿಂತ ಅವನ ಭಯಗಳ ಪರಿಚಯವೇ ಹೆಚ್ಚಾಗಿ ಆಗುತ್ತದೆ. ಹಸಿವಿಗೆ ಅಂಜುವವನು ಅವಲಕ್ಕಿಯ ಡಬ್ಬಿಯನ್ನಿಡುತ್ತಾನೆ. ಚಳಿಗೆ ಅಂಜುವವನು ಕಂಬಳಿಯ ಮೇಲೆ ಕಂಬಳಿಯನ್ನು ಒತ್ತುತ್ತಾನೆ. ರೋಗಕ್ಕೆ ಅಂಜುವವನ ಪೆಟ್ಟಿಗೆಯಲ್ಲಿ ಸಣ್ಣದೊಂದು ಔಷಧದ ಅಂಗಡಿಯೇ ಇರುತ್ತದೆ. ಕಾಶಿಗೆ ಹೊರಟರೂ ಸರಿ, ತಂಗಿಯ ಮನೆಯ ಮದುವೆಗೆ ಹೊರಟರೂ ಸರಿ, ಈ ನಿಯಮಕ್ಕೆ ಭಂಗವಿಲ್ಲ. ಆದರೆ ರೈಲಿನಲ್ಲಿ ಹೋಗುವವನ ಭಯಗಳನ್ನು ಯಾರೂ ತೂಗುವುದಿಲ್ಲ. ಹಿಮಾಲಯದ ದಾರಿಯಲ್ಲಿ ಮಾತ್ರ ಪ್ರತಿಯೊಂದು ಭಯವೂ ತಕ್ಕಡಿಯನ್ನು ಏರಲೇಬೇಕು.

ಬೆಂಗಳೂರಿನ ಬಸವನಗುಡಿಯ ಒಂದು ಮನೆಯಲ್ಲಿ ಈ ತೂಗುವ ಕಾರ್ಯ ಒಂದು ಭಾನುವಾರ ನಡೆಯಿತು. ಮನೆಯ ಯಜಮಾನರು ಬ್ಯಾಂಕಿನಲ್ಲಿ ಅಧಿಕಾರಿ, ವಯಸ್ಸು ಐವತ್ತಾರು. ಅಕ್ಟೋಬರಿನಲ್ಲಿ ನೇಪಾಳಕ್ಕೆ ಹೋಗಿ, ಮಾರ್ಗದರ್ಶಿಯ ಹಿಂದೆ ನಡೆದು, ಎವರೆಸ್ಟ್ ಶಿಖರದ ಬುಡದಲ್ಲಿರುವ ಬೇಸ್ ಕ್ಯಾಂಪನ್ನು ಕಂಡುಬರಬೇಕೆಂಬುದು ಅವರ ಬಹುದಿನದ ಆಸೆ. ಹಣ ಕಟ್ಟಿದ್ದಾಯಿತು, ರಜೆ ಮಂಜೂರಾಯಿತು. ಕಚೇರಿಯಲ್ಲಿ, ಬೀದಿಯಲ್ಲಿ, ಬ್ಯೂಗಲ್ ರಾಕ್ ಉದ್ಯಾನದಲ್ಲಿ ಬೆಳಗಿನ ಹೊತ್ತು ಜೊತೆಗೆ ನಡೆಯುವ ಗೆಳೆಯರಲ್ಲಿ ಸುದ್ದಿ ಹರಡಿದ್ದೂ ಆಯಿತು. ಇನ್ನು ಹಿಂದೆ ಸರಿಯುವಂತಿಲ್ಲ. ಮನುಷ್ಯನನ್ನು ಬೆಟ್ಟ ಹತ್ತಿಸುವ ಶಕ್ತಿಗಳಲ್ಲಿ ಕಾಲಿನ ಬಲಕ್ಕೆ ಎರಡನೆಯ ಸ್ಥಾನ. ಆಡಿಬಿಟ್ಟ ಮಾತಿಗೆ ಮೊದಲನೆಯದು.

ಸಿದ್ಧತೆಯಲ್ಲಿ ಅವರು ಯಾವ ಕೊರತೆಯನ್ನೂ ಮಾಡಲಿಲ್ಲ. ನಾಲ್ಕು ತಿಂಗಳಿಂದ ಬೆನ್ನಿಗೆ ಚೀಲ ಕಟ್ಟಿಕೊಂಡು ಮೆಟ್ಟಿಲು ಹತ್ತಿ ಇಳಿದರು. ವಾರಕ್ಕೊಮ್ಮೆ ನಂದಿಬೆಟ್ಟದ ಮೆಟ್ಟಿಲುಗಳಿಗೂ ತಮ್ಮ ಪಾದಗಳನ್ನು ಪರಿಚಯಿಸಿದರು. ಹೊಸ ಬೂಟುಗಳನ್ನು ಮನೆಯೊಳಗೂ ಹೊರಗೂ ಧರಿಸಿ ಮೆತ್ತಗೆ ಮಾಡಿಕೊಂಡರು. ಪೂಜೆಯ ಕೋಣೆಯೊಂದನ್ನು ಬಿಟ್ಟು ಉಳಿದೆಡೆಯೆಲ್ಲ ಬೂಟಿನ ಸದ್ದು ಕೇಳುತ್ತಿತ್ತು. "ಬೆಟ್ಟ ನಿಮ್ಮನ್ನು ಕಾಣುವ ಮೊದಲೇ ನಮ್ಮ ನೆಲ ಸವೆದುಹೋಗುತ್ತದೆ" ಎಂದು ಮನೆಯಾಕೆ ನಕ್ಕರು. ಆದರೆ ಇದು ಬಲ್ಲವರು ಹೇಳುವ ಮಾತೇ. ಹೊಸ ಬೂಟು ಬೆಟ್ಟದ ಮೇಲೆ ಮೊದಲ ದಿನವೇ ಪಾದದಲ್ಲಿ ಬೊಕ್ಕೆ ಎಬ್ಬಿಸುತ್ತದೆ. ಹಳಗಿದ ಬೂಟನ್ನು ವಿಮಾನದಲ್ಲಿ ಕಾಲಿಗೇ ಹಾಕಿಕೊಂಡು ಹೋಗಬೇಕು. ಕಳೆದ ಸಾಮಾನಿಗೆ ಬದಲು ಕಾಠ್ಮಂಡುವಿನ ಥಮೇಲ್ ಬೀದಿಯಲ್ಲಿ ಸಿಕ್ಕೀತು, ಪಾದ ಪಳಗಿಸಿದ ಬೂಟು ಎಲ್ಲಿಯೂ ಸಿಗದು.

ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ಚಾಪೆ ಹಾಸಿ ಸಾಮಾನುಗಳನ್ನೆಲ್ಲ ಹರಡಿದರು. ಮಗಳು ಮೊಬೈಲ್ ಫೋನಿನಿಂದ ಪಟ್ಟಿಯನ್ನು ಓದುವುದು, ಯಜಮಾನರು ವಸ್ತುವನ್ನು ಎತ್ತಿ ತೋರಿಸುವುದು, ಮನೆಯಾಕೆ ಅದನ್ನು ಮಡಿಸುವುದು, ಹೀಗೆ ಕಾರ್ಯ ಸಾಗಿತು. ಮೈಗೆ ಅಂಟುವ ಒಳ ಅಂಗಿ, ಅದರ ಮೇಲೆ ಬೆಚ್ಚನೆಯದು, ಎಲ್ಲಕ್ಕೂ ಮೇಲೆ ಗಾಳಿ ಮಳೆಗಳನ್ನು ತಡೆಯುವುದು; ಚಳಿಗೆ ಒಂದೇ ದಪ್ಪ ಕೋಟಿಗಿಂತ ಈ ಮೂರು ಪದರಗಳೇ ಮೇಲು. ನಡೆಯುವಾಗ ಬಿಚ್ಚಬಹುದು, ನಿಂತಾಗ ತೊಡಬಹುದು. ಹತ್ತಿಬಟ್ಟೆಗೆ ಮಾತ್ರ ಅಲ್ಲಿ ಬಹಿಷ್ಕಾರ. ಬೆಂಗಳೂರಿನ ಸೆಖೆಯಲ್ಲಿ ಸುಖವಾಗಿರುವ ಹತ್ತಿ, ಬೆವರನ್ನು ಕುಡಿದು ಒಣಗದೆ, ಬೆಟ್ಟದ ಗಾಳಿಯಲ್ಲಿ ಮೈಯ ಕಾವನ್ನೇ ಕದಿಯುತ್ತದೆ. ಹಿಮದ ಮೇಲಿನ ಬಿಸಿಲಿನಿಂದ ಕಣ್ಣನ್ನು ಕಾಯುವ ಕಪ್ಪು ಕನ್ನಡಕ, ಹಣೆಗೆ ಕಟ್ಟುವ ದೀಪ, ನೀರನ್ನು ಶುದ್ಧಿ ಮಾಡುವ ಗುಳಿಗೆ, ಚಳಿಯಲ್ಲಿ ಬೇಗ ಸೋಲುವುದರಿಂದ ರಾತ್ರಿ ಹೊದಿಕೆಯೊಳಗೆ ಇಟ್ಟುಕೊಳ್ಳಬೇಕಾದ ಬ್ಯಾಟರಿಗಳು, ಒಂದೊಂದಾಗಿ ಎಲ್ಲವೂ ಬಂದವು. ನೇಪಾಳಕ್ಕೆ ಹೋಗುವ ಭಾರತೀಯರಿಗೆ ವೀಸಾ ಬೇಕಿಲ್ಲ. ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿ ಇದ್ದರೆ ಸಾಕು. ಹೆಲಿಕಾಪ್ಟರಿನಲ್ಲಿ ಇಳಿಸಿ ತರುವ ವೆಚ್ಚವನ್ನೂ ಒಳಗೊಂಡ ವಿಮೆಯ ಪತ್ರ ಮಾತ್ರ ಮರೆಯುವಂತಿಲ್ಲ.

ಪಟ್ಟಿ ಮುಗಿಯಿತು, ಪಟ್ಟಿಯಲ್ಲಿಲ್ಲದ ಪದಾರ್ಥಗಳ ಮೆರವಣಿಗೆ ಆರಂಭವಾಯಿತು. ಚಟ್ನಿಪುಡಿ ಬಂದಿತು; ಕೋಡುಬಳೆ ಬಂದಿತು; ಎರಡು ಕಿಲೋ ಹುರಿಹಿಟ್ಟು ಬಂದಿತು. ಯಜಮಾನರು ತಮ್ಮ ಪಾಲಿಗೆ ಇನ್ನೊಂದು ಜೊತೆ ಬೂಟು, ಎರಡು ಜೀನ್ಸ್, ಒಂದು ಉಣ್ಣೆಯ ಕಂಬಳಿ, ದಾರಿಯಲ್ಲಿ ಓದಲು ಎರಡು ದಪ್ಪ ಪುಸ್ತಕಗಳನ್ನು ಸೇರಿಸಿದರು. ಮೊಣಕಾಲೂರಿ ಜಿಪ್ಪನ್ನು ಎಳೆದದ್ದಾಯಿತು. ಮಗಳು ಕೈತಕ್ಕಡಿಯ ಕೊಕ್ಕೆಗೆ ಚೀಲವನ್ನು ಸಿಕ್ಕಿಸಿ ಇಬ್ಬರ ನೆರವಿನಿಂದ ಮೇಲಕ್ಕೆತ್ತಿದಳು. ಹತ್ತೊಂಬತ್ತು ಕಿಲೋ!

ಇಲ್ಲಿಂದ ಕಷ್ಟ ಮೊದಲಾಯಿತು. ಬೇಸ್ ಕ್ಯಾಂಪಿನ ದಾರಿಗೆ ಹೆಬ್ಬಾಗಿಲು ಲುಕ್ಲಾ. ಸುಮಾರು 2,850 ಮೀಟರ್ ಎತ್ತರದಲ್ಲಿ, ಇಳಿಜಾರಾದ ಒಂದು ಕಿರು ಓಡುದಾರಿ. ಒಂದು ತುದಿಗೆ ಬೆಟ್ಟದ ಗೋಡೆ, ಇನ್ನೊಂದು ತುದಿಗೆ ಕಣಿವೆ. ಅಲ್ಲಿಗೆ ಹಾರುವ ಪುಟ್ಟ ವಿಮಾನಗಳಲ್ಲಿ ಒಬ್ಬ ಪ್ರಯಾಣಿಕನಿಗೆ ಸಾಮಾನ್ಯವಾಗಿ ಕೈಚೀಲವೂ ಸೇರಿ 15 ಕಿಲೋ ಮಾತ್ರ ಸಲ್ಲುತ್ತದೆ. ತಂಡವನ್ನು ಕರೆದೊಯ್ಯುವವರು ದೊಡ್ಡ ಚೀಲಕ್ಕೆ 10 ಕಿಲೋ, ಬೆನ್ನಿನ ಚೀಲಕ್ಕೆ 5 ಕಿಲೋ ಎಂದು ಬರೆದು ತಿಳಿಸಿದ್ದರು.

"ಹೆಚ್ಚಿದ ತೂಕಕ್ಕೆ ಹಣ ಕಟ್ಟಿದರಾಯಿತು" ಎಂದರು ಯಜಮಾನರು.

"ವಿಮಾನಕ್ಕೆ ಕಟ್ಟಿದಿರಿ. ಇಳಿದ ಮೇಲೆ ಹೊರುವವರು ಯಾರು?" ಎಂದರು ಮನೆಯಾಕೆ.

"ಅದಕ್ಕೆ ಹೊರೆಯಾಳನ್ನು ಕೊಡುತ್ತಾರೆ. ಇಬ್ಬರಿಗೆ ಒಬ್ಬ."

"ಹಾಗಾದರೆ ಇನ್ನೊಬ್ಬರದೂ ಹತ್ತೊಂಬತ್ತಾದರೆ ಮೂವತ್ತೆಂಟಾಯಿತು. ಅವನ ಸ್ವಂತ ಸಾಮಾನನ್ನು ಯಾರು ಹೊರುತ್ತಾರೆ?"

ಇದಕ್ಕೆ ಪಟ್ಟಿಯಲ್ಲಿ ಉತ್ತರವಿರಲಿಲ್ಲ. ಮಗಳು ಫೋನನ್ನು ಕೆಳಗಿಟ್ಟಳು.

ಹಿಮಾಲಯದ ಕೀರ್ತಿಯೆಲ್ಲ ಇನ್ನೊಬ್ಬರ ಬೆನ್ನಿನ ಮೇಲೆ ಏರಿದ ಕೀರ್ತಿ. 1953ರಲ್ಲಿ ಎವರೆಸ್ಟನ್ನು ಏರಿದ ತಂಡದ ಸಾಮಾನುಗಳನ್ನು ಮುನ್ನೂರಕ್ಕೂ ಹೆಚ್ಚು ಹೊರೆಯಾಳುಗಳು ಹೊತ್ತು ನಡೆದರು. ಆ ವರ್ಷದ ಮೇ 29ರಂದು ಎಡ್ಮಂಡ್ ಹಿಲರಿಯೊಡನೆ ಶಿಖರದ ಮೇಲೆ ನಿಂತ ತೇನ್‌ಸಿಂಗ್ ನೋರ್ಗೆ, 1935ರಲ್ಲಿ ಮೊದಲ ಬಾರಿಗೆ ಎವರೆಸ್ಟ್ ಕಡೆಗೆ ನಡೆದದ್ದು ಹೊರೆಯಾಳಾಗಿಯೇ. ಹೊರುವವನನ್ನು ನೇಪಾಳಿಯಲ್ಲಿ 'ಭರಿಯಾ' ಎನ್ನುತ್ತಾರೆ. ಬಿದಿರಿನ ಬುಟ್ಟಿಗೆ 'ಡೋಕೋ' ಎಂದು ಹೆಸರು. ಅದನ್ನು ಹಣೆಗೆ ತೊಡಿಸಿಕೊಳ್ಳುವ ಪಟ್ಟಿಗೆ 'ನಾಮ್ಲೋ'. ನಾಮ್ಚೆ ಬಜಾರಿನ ಸಂತೆಗೆ ಸರಕು ಹೊರುವವರನ್ನು ತೂಗಿ ನೋಡಿ 2005ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು: ಗಂಡಸರು ಸರಾಸರಿಯಲ್ಲಿ ತಮ್ಮ ಮೈತೂಕದ ಶೇ. 93ರಷ್ಟು ಭಾರವನ್ನು ಹೊತ್ತಿದ್ದರು. ಎಂದರೆ ಪ್ರತಿಯೊಬ್ಬನೂ ತನ್ನಂತಹ ಇನ್ನೊಬ್ಬನನ್ನೇ ಹೊತ್ತು ಬೆಟ್ಟವನ್ನೇರುತ್ತಿದ್ದಂತೆ. ಪ್ರವಾಸಿಗಳ ಸಾಮಾನನ್ನು ಹೊರುವವರಿಗೆ 30 ಕಿಲೋಗಿಂತ ಹೆಚ್ಚು ಹೊರಿಸಬಾರದೆಂದು ಅವರ ಹಿತವನ್ನು ಬಯಸುವ ಸಂಸ್ಥೆಗಳು ಹೇಳುತ್ತ ಬಂದಿವೆ.

ಇನ್ನೊಂದು ಭ್ರಮೆಯೂ ಪ್ರವಾಸಿಗಳಲ್ಲಿ ಬೇರೂರಿದೆ. ಹೊರುವವರೆಲ್ಲ ಶೆರ್ಪಾಗಳು, ಅವರಿಗೆ ಎತ್ತರ ಲೆಕ್ಕಕ್ಕಿಲ್ಲ ಎಂದು ಅನೇಕರು ನಂಬಿದ್ದಾರೆ. ಶೆರ್ಪಾ ಎಂಬುದು ಕಸುಬಿನ ಹೆಸರಲ್ಲ, ಜನಾಂಗದ ಹೆಸರು. ಹೊರೆ ಹೊರಲು ಬರುವವರಲ್ಲಿ ಬಹುಮಂದಿ ಕೆಳಗಿನ ಕಣಿವೆಗಳ ರಾಯಿ, ತಮಾಂಗ್ ಮೊದಲಾದ ಜನಾಂಗಗಳ ರೈತಾಪಿ ಮಕ್ಕಳು. ತೆಳುವಾದ ಗಾಳಿ ಅವರಿಗೂ ಅಷ್ಟೇ ತೆಳು. ಬೆಂಗಳೂರಿನ ಅಧಿಕಾರಿಗೆ ಬರುವ ತಲೆನೋವು ಅವರಿಗೂ ಬರುತ್ತದೆ. ಅಧಿಕಾರಿಯ ಮೈಮೇಲೆ ಪುಕ್ಕ ತುಂಬಿದ ಬೆಚ್ಚನೆಯ ಜಾಕೆಟ್ ಇರುತ್ತದೆ. ಅವರ ಮೈಮೇಲೆ ಏನಿರುತ್ತದೆ ಎಂಬುದನ್ನು ಹಣ ಕಟ್ಟುವಾಗಲೇ ಕೇಳಿ ತಿಳಿಯಬೇಕು. ಹೊರುವವರಿಗೆ ಬೂಟು, ಬೆಚ್ಚನೆಯ ಬಟ್ಟೆ, ವಿಮೆ ಇವೆಯೇ ಎಂದು ಕೇಳುವುದು ಸಿದ್ಧತೆಯ ಮೊದಲ ಕೆಲಸ.

ನಡುಮನೆಯಲ್ಲಿ ಚೀಲದ ಜಿಪ್ಪು ಮತ್ತೆ ತೆರೆಯಿತು. ಎರಡನೆಯ ಬೂಟುಗಳು ಕಪಾಟಿಗೆ ಮರಳಿದವು. ಜೀನ್ಸ್‌ಗಳೂ ಪುಸ್ತಕಗಳೂ ಅವನ್ನು ಹಿಂಬಾಲಿಸಿದವು. ಪುಕ್ಕದ ಸ್ಲೀಪಿಂಗ್ ಬ್ಯಾಗ್ ಇರುವಾಗ ಕಂಬಳಿ ಏಕೆ? ಹುರಿಹಿಟ್ಟಿನ ಸರದಿ ಬಂದಾಗ ಮನೆಯಾಕೆಯ ಕೈ ತುಸು ತಡೆಯಿತು. ಹುರಿದು ಬೀಸಿದ ಬಾರ್ಲಿಯ ಹಿಟ್ಟು 'ಚಂಪಾ' ಎಂಬ ಹೆಸರಿನಲ್ಲಿ ಶೆರ್ಪಾಗಳ ನಿತ್ಯದ ಆಹಾರವೆಂದು ಮಗಳು ತಿಳಿಸಿದಳು. "ಹಾಗಾದರೆ ಅವರೂ ನಮ್ಮವರೇ" ಎಂದು ಮನೆಯಾಕೆ ಡಬ್ಬಿಯನ್ನು ತೆಗೆದಿಟ್ಟರು. ದಾರಿಯ ತಂಗುಮನೆಗಳಲ್ಲಿ ಬೇಳೆಯೂ ಅನ್ನವೂ ದೊರೆಯುತ್ತವೆ. ಏರಿದಷ್ಟೂ ಬೆಲೆ ಏರುತ್ತದೆ, ಏಕೆಂದರೆ ಅಕ್ಕಿಯೂ ಯಾರದೋ ಬೆನ್ನಿನ ಮೇಲೆ ಇಲ್ಲವೇ ಯಾಕಿನ ಬೆನ್ನಿನ ಮೇಲೆ ಏರಿರುತ್ತದೆ. ಚಟ್ನಿಪುಡಿಯ ಒಂದು ಸಣ್ಣ ಪೊಟ್ಟಣಕ್ಕೆ ಮಾತ್ರ ಸರ್ವಾನುಮತದಿಂದ ರಿಯಾಯಿತಿ ದೊರೆಯಿತು. ತಕ್ಕಡಿ ಒಂಬತ್ತೂವರೆ ಎಂದಿತು.

ಉಳಿದದ್ದು ಔಷಧದ ಪೆಟ್ಟಿಗೆ. ಅದು ಕೈಚೀಲದಲ್ಲಿ ಇರಬೇಕಾದದ್ದು. ಮನೆಯಾಕೆ ಗುಳಿಗೆಗಳನ್ನು ಜೋಡಿಸುತ್ತ, ಅದರ ಕೆಳಗಿದ್ದ ಕಾಗದವೊಂದನ್ನು ಎತ್ತಿ ಓದಿದರು. ತಂಡದವರು ಕಳುಹಿಸಿದ್ದ ಆರೋಗ್ಯದ ನಮೂನೆ ಅದು. 'ರಕ್ತದೊತ್ತಡ ಇದೆಯೇ?' ಎಂಬ ಪ್ರಶ್ನೆಯ ಮುಂದೆ ಯಜಮಾನರ ದುಂಡಗಿನ ಅಕ್ಷರದಲ್ಲಿ 'ಇಲ್ಲ' ಎಂದಿತ್ತು. ಅವರ ಕೈಯಲ್ಲಿದ್ದ ಗುಳಿಗೆಯ ಹಾಳೆ ಆರು ವರ್ಷಗಳಿಂದ ಯಜಮಾನರು ದಿನವೂ ನುಂಗುತ್ತಿದ್ದ ರಕ್ತದೊತ್ತಡದ ಗುಳಿಗೆಯದು.

"ಇದ್ದದ್ದನ್ನು ಬರೆದರೆ ಬೇಡವೆಂದುಬಿಟ್ಟಾರು" ಎಂದರು ಯಜಮಾನರು, ತಗ್ಗಿದ ದನಿಯಲ್ಲಿ. "ಎಲ್ಲರಿಗೂ ಹೇಳಿಬಿಟ್ಟಿದ್ದೇನೆ."

ಬೇಸ್ ಕ್ಯಾಂಪಿನ ಎತ್ತರ 5,364 ಮೀಟರ್. ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧದಷ್ಟು. ಪ್ರತಿಯೊಂದು ಉಸಿರಿನಲ್ಲಿಯೂ ಆಮ್ಲಜನಕ ಅರ್ಧವೇ ದೊರೆಯುತ್ತದೆ. ನಂದಿಬೆಟ್ಟದ ಮೆಟ್ಟಿಲುಗಳು ಕಾಲನ್ನು ಗಟ್ಟಿಮಾಡಿಯಾವು. ಎತ್ತರದ ಕಾಯಿಲೆಯಿಂದ ರಕ್ಷಿಸಲಾರವು. ಗಟ್ಟಿಯಾಳೂ ಅದಕ್ಕೆ ಸಿಲುಕುತ್ತಾನೆ. ಆದ್ದರಿಂದಲೇ, 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ತಂಗಬೇಕು ಎಂಬ ನಿಯಮ ಬಂದಿದೆ. ತಲೆನೋವು, ವಾಕರಿಕೆ, ಬಳಲಿಕೆಗಳು ಮೊದಲ ಎಚ್ಚರಿಕೆ. ಅದನ್ನು ಮುಚ್ಚಿಟ್ಟು ಮೇಲೇರಿದವನಿಗೆ ಶ್ವಾಸಕೋಶದಲ್ಲಿ ನೀರು ಸೇರುವುದು, ಮಿದುಳು ಬಾಯುವುದು, ಪ್ರಾಣವೇ ಹೋಗುವುದು ಅಸಂಭವವಲ್ಲ. ಅಸೆಟಜೋಲಮೈಡ್ ಎಂಬ ಗುಳಿಗೆ ವೈದ್ಯರ ಸಲಹೆಯಂತೆ ಸೇವಿಸಿದರೆ ದೇಹ ಎತ್ತರಕ್ಕೆ ಒಗ್ಗಲು ನೆರವಾಗುತ್ತದೆ. ಆದರೆ ಕಾಯಿಲೆ ಬಲಿತಾಗ ಇರುವ ನಿಜವಾದ ಮದ್ದು ಒಂದೇ: ಕೆಳಗಿಳಿಯುವುದು.

ಇಳಿಯಲು ಕಾಲು ಬಾರದಿದ್ದರೆ? ಮೋಡ ಕವಿದರೆ ಹೆಲಿಕಾಪ್ಟರ್ ಬಾರದು. ಆಗ ರೋಗಿಯನ್ನು ಬೆನ್ನಿನ ಮೇಲೆ ಹೊತ್ತು ಇಳಿಸುವವನು, ಬೆಳಿಗ್ಗೆ ಅವನ ಚೀಲವನ್ನು ಹೊತ್ತವನೇ.

ಮನೆಯಾಕೆ ನಮೂನೆಯನ್ನು ಯಜಮಾನರ ಮುಂದಿಟ್ಟು, "ಕಂಬಳಿ ತೆಗೆದಿರಿ, ಪುಸ್ತಕ ತೆಗೆದಿರಿ. ಇದನ್ನೂ ಆ ಹುಡುಗನೇ ಹೊರಬೇಕೇನು?" ಎಂದು ಕೇಳಿದರು. ದನಿಯಲ್ಲಿ ಕೋಪವಿರಲಿಲ್ಲ.

ಯಜಮಾನರು ಬಹಳ ಹೊತ್ತು ಮಾತನಾಡಲಿಲ್ಲ. ಒಂಬತ್ತೂವರೆ ಕಿಲೋ ಮಾಡಿದೆವೆಂದು ಹಿಗ್ಗಿದ ಚೀಲದಲ್ಲಿ, ತಕ್ಕಡಿಗೆ ಕಾಣದಂತೆ ಎಪ್ಪತ್ತೆರಡು ಕಿಲೋ ಅಡಗಿತ್ತು. ಅದು ಅವರದೇ ತೂಕ.

ಕಡೆಗೆ ಅವರು ಲೇಖನಿ ತೆಗೆದು 'ಇಲ್ಲ' ಎಂಬುದನ್ನು ಹೊಡೆದು 'ಇದೆ' ಎಂದು ಬರೆದರು. ಗುಳಿಗೆಯ ಹೆಸರನ್ನೂ ಪ್ರಮಾಣವನ್ನೂ ಕೆಳಗೆ ಬರೆದರು. ಮರುದಿನ ವೈದ್ಯರಲ್ಲಿಗೆ ಹೋದರು. ಹತೋಟಿಯಲ್ಲಿರುವ ರಕ್ತದೊತ್ತಡ ಯಾತ್ರೆಗೆ ಅಡ್ಡಿಯಲ್ಲವೆಂದು ವೈದ್ಯರು ಹೇಳಿದರೂ, ಕೆಲವು ಪರೀಕ್ಷೆಗಳಾದ ಮೇಲೆಯೇ ಒಪ್ಪಿಗೆ ಕೊಡುವೆನೆಂದರು. ಗುಳಿಗೆಯನ್ನು ಬಿಡಬಾರದು, ಮೇಲೆ ನಿದ್ರೆಯ ಮಾತ್ರೆಯನ್ನು ಮುಟ್ಟಬಾರದು, ತಲೆನೋವು ಬಂದ ಕ್ಷಣವೇ ಮಾರ್ಗದರ್ಶಿಗೆ ತಿಳಿಸಬೇಕು ಎಂದೂ ವಿಧಿಸಿದರು. ಪರೀಕ್ಷೆಯ ಫಲ ಬರಲು ಒಂದು ವಾರ ಬೇಕಾಗಿತ್ತು.

ಆ ವಾರ ಉದ್ಯಾನದ ಗೆಳೆಯರು "ಎಂದು ಹೊರಡುವುದು?" ಎಂದು ಕೇಳಿದಾಗ ಯಜಮಾನರು ಮೊದಲ ಬಾರಿಗೆ, "ಹೋದರೂ ಹೋದೆ, ಇಲ್ಲದಿದ್ದರೆ ಇಲ್ಲ. ಹೋದರೂ ಅರ್ಧದಾರಿಯಿಂದ ತಿರುಗಿ ಬಂದೇನು" ಎಂದು ಉತ್ತರಿಸಿದರು. ಯಾರೂ ನಗಲಿಲ್ಲ. ನಕ್ಕಾರೆಂಬ ಭಯವನ್ನೇ ಅವರು ನಾಲ್ಕು ತಿಂಗಳಿಂದ ಎಲ್ಲಕ್ಕಿಂತ ಅಡಿಯಲ್ಲಿ ಮಡಿಸಿಟ್ಟಿದ್ದರು.

ಚೀಲ ಈಗಲೂ ನಡುಮನೆಯ ಮೂಲೆಯಲ್ಲಿ ಸಿದ್ಧವಾಗಿ ಕುಳಿತಿದೆ. ಅದರ ಪಕ್ಕದಲ್ಲಿ ಮನೆಯಾಕೆ ಇನ್ನೊಂದು ಪುಟ್ಟ ಪೊಟ್ಟಣವನ್ನು ಇಟ್ಟಿದ್ದಾರೆ. ಅದರೊಳಗೆ ಒಂದು ಜೊತೆ ಉಣ್ಣೆಯ ಕೈಗವಸು. ತೂಕ ನೂರು ಗ್ರಾಮೂ ಇಲ್ಲ. ಅವು ಯಜಮಾನರಿಗಲ್ಲ.