ಮನೆ ನಿಂತಿದೆ, ಮೆಟ್ಟಿಲು ಕೂತಿದೆ

ಧಾರವಾಡದ ಹೊಸ ಬಡಾವಣೆಗಳಲ್ಲಿ ಸಂಜೆ ಅಡ್ಡಾಡಲು ಹೋದಾಗ ನನ್ನ ಕಣ್ಣು ಮೊದಲು ಬೀಳುವುದು ಮನೆಗಳ ಮೆಟ್ಟಿಲ ಮೇಲೆ. ಗೋಡೆಯ ಬಣ್ಣ ಇನ್ನೂ ಮಾಸಿರುವುದಿಲ್ಲ. ಆದರೆ ಮೆಟ್ಟಿಲು ಮಾತ್ರ ಮನೆಯೊಡನೆ ಮುನಿಸಿಕೊಂಡಂತೆ ಎರಡು ಬೆರಳು ದೂರ ಸರಿದು, ತಲೆ ಬಾಗಿಸಿ ಕೂತಿರುತ್ತದೆ. ನಡುವಿನ ಸಂದಿಯಲ್ಲಿ ಇರುವೆಗಳ ಸಂಸಾರ.

ನಮ್ಮ ಓಣಿಯ ನಿವೃತ್ತ ಗುಮಾಸ್ತರೊಬ್ಬರು ಇದನ್ನು ಕಂಡು ನಿದ್ದೆಗೆಟ್ಟಿದ್ದರು. ನಿವೃತ್ತಿಯ ದುಡ್ಡನ್ನೆಲ್ಲ ಸುರಿದು ಕಟ್ಟಿಸಿದ ಮನೆ. “ಸರ್, ಮನೀ ಕುಸಿಯಾಕತ್ತೈತಿ, ಒಮ್ಮೆ ಬಂದು ನೋಡ್ರಿ” ಎಂದು ಕರೆದೊಯ್ದರು. ಬಾಗಿಲಿನ ದಿಕ್ಕು ಸರಿಯಿಲ್ಲ, ಇದನ್ನು ಮುಚ್ಚಿ ಪೂರ್ವಕ್ಕೆ ಇಡಿಸಿ ಎಂದು ಯಾರೋ ಹೇಳಿದ್ದರಂತೆ. ಅದಕ್ಕಾಗಿ ಸಾಲ ಮಾಡಲೂ ಸಿದ್ಧರಾಗಿದ್ದರು. ಅವರ ಮನೆಯವರಿಗೆ ಮೊಣಕಾಲು ನೋವು. ಹೊಸ್ತಿಲಿನಿಂದ ಮೊದಲ ಮೆಟ್ಟಿಲಿಗೆ 6 ಇಂಚು ಇದ್ದದ್ದು 9 ಆಗಿತ್ತು. ಕತ್ತಲಲ್ಲೂ ಕಾಲು ಹಳೆಯ ಲೆಕ್ಕದಲ್ಲೇ ಇಳಿಯುತ್ತದೆ. ಆಕೆ ಎರಡು ಸಲ ಮುಗ್ಗರಿಸಿದ್ದರು.

ನಾನು ಮೊದಲು ನೋಡಿದ್ದು ಗೋಡೆಯನ್ನು. ಕೂದಲೆಳೆಯಷ್ಟೂ ಬಿರುಕಿಲ್ಲ. ಬಾಗಿಲು, ಕಿಟಕಿಗಳು ಸಲೀಸಾಗಿ ಮುಚ್ಚುತ್ತಿದ್ದವು. “ಮನಿ ಎಲ್ಲಿಗೂ ಹೊಂಟಿಲ್ಲರೀ, ಮೆಟ್ಟಿಲಷ್ಟ ಕುಂತಾವು” ಎಂದೆ.

ಪಾಯಕ್ಕೆ ಗುಂಡಿ ತೋಡುವಾಗ ಗೋಡೆಗಿಂತ ಅಗಲವಾಗಿ ತೋಡುತ್ತಾರೆ. ಗೋಡೆ ನಿಲ್ಲುವುದು ಗುಂಡಿಯ ತಳದ ಅಲುಗಾಡದ ಗಟ್ಟಿ ನೆಲದ ಮೇಲೆ. ಪಕ್ಕದಲ್ಲಿ ಉಳಿದ ಸಂದಿಗೆ ತೆಗೆದ ಮಣ್ಣು, ಇಟ್ಟಿಗೆ ಚೂರು, ಸಿಮೆಂಟಿನ ಚೀಲ ಎಲ್ಲ ಬೀಳುತ್ತದೆ. ಮೆಟ್ಟಿಲು ಕೂರುವುದು ಇದರ ಮೇಲೆ! ಸಂತೆಯಲ್ಲಿ ಜೋಳ ಅಳೆಯುವಾಗ ತುಂಬಿದ ಸೇರನ್ನು ಒಮ್ಮೆ ನೆಲಕ್ಕೆ ಕುಟ್ಟಿದರೆ ಕಾಳು ಕೆಳಗಿಳಿಯುತ್ತದೆ. ಅಗೆದು ತುಂಬಿದ ಮಣ್ಣೂ ಹಾಗೆಯೇ, ನಡುವೆ ಗಾಳಿಯ ಜಾಗ ಬಹಳ. ಗೌಂಡಿ ಕುಟ್ಟದೆ ಬಿಟ್ಟದ್ದನ್ನು ಮಳೆ ಕುಟ್ಟುತ್ತದೆ. ಮೇಲಿನ ಭಾರವೂ ಕಡಿಮೆಯಲ್ಲ: ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, 10 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಚಪ್ಪಡಿ ಸುಮಾರು 240 ಕಿಲೋ ತೂಗುತ್ತದೆ. ಹಿಂದೆ ಪಾಯ ತುಂಬಿ ಒಂದು ಮಳೆಗಾಲ ಬಿಡುತ್ತಿದ್ದ ಹಿರಿಯರಿಗೆ ಇದೆಲ್ಲ ಗೊತ್ತಿತ್ತು. ಈಗ ಗೃಹಪ್ರವೇಶದ ಮುಹೂರ್ತ ಕಾಯುವುದಿಲ್ಲ.

ಅವರ ಮನೆಯಲ್ಲಿ ತಾರಸಿಯ ನೀರಿನ ಕೊಳವೆ ಮೆಟ್ಟಿಲ ಪಕ್ಕಕ್ಕೇ ಬಾಯಿ ತೆರೆದಿತ್ತು. ಸಾವಿರ ಚದರಡಿ ತಾರಸಿಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 930 ಲೀಟರ್ ನೀರು. ಅಷ್ಟೂ ಒಂದೇ ಕಡೆ ಸುರಿದರೆ ಸಡಿಲ ಮಣ್ಣು ಕೊಚ್ಚಿಹೋಗುತ್ತದೆ, ಚಪ್ಪಡಿಯ ಕೆಳಗೆ ಪೊಳ್ಳಾಗುತ್ತದೆ. ಉಳಿದದ್ದನ್ನು ಹೆಗ್ಗಣ ನೋಡಿಕೊಳ್ಳುತ್ತದೆ.

ಸಾಲದ್ದಕ್ಕೆ ನಮ್ಮದು ಎರೆಮಣ್ಣು. ಶಾಲೆಯಲ್ಲಿ ಮಕ್ಕಳಿಗೆ ಒಂದು ಪ್ರಯೋಗ ಮಾಡಿಸುತ್ತೇನೆ. ಎರಡು ಅಳತೆ ಗಾಜುಗಳಲ್ಲಿ ಹತ್ತು ಹತ್ತು ಗ್ರಾಂ ಒಣ ಎರೆಮಣ್ಣಿನ ಹುಡಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಮರುದಿನ ನೀರಿನ ಮಣ್ಣು ಉಬ್ಬಿರುತ್ತದೆ, ಎಣ್ಣೆಯದು ಇದ್ದಂತೆಯೇ ಇರುತ್ತದೆ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಇಂಥ ಮಣ್ಣಿನ ಮೇಲೆ ಹಗುರ ಮೆಟ್ಟಿಲು ಏಳುತ್ತದೆ, ಇಳಿಯುತ್ತದೆ, ಕೊನೆಗೆ ಓರೆಯಾಗುತ್ತದೆ.

ಗೌಂಡಿ ಬಂದು, ಮೇಲೆ ಎರಡು ಇಂಚು ಕಾಂಕ್ರೀಟ್ ಹಾಕಿದರೆ ಸಮ ಆಗುತ್ತದೆ ಎಂದ. ನಾನು ಒಪ್ಪಲಿಲ್ಲ. ಕೆಳಗೆ ಪೊಳ್ಳಿರುವಾಗ ಮೇಲೆ ಭಾರ ಹೇರುವುದು ಯಾವ ವೈದ್ಯ? ಮೆಟ್ಟಿಲು ಒಡೆದು, ಸಡಿಲ ಮಣ್ಣು ತೆಗೆದು, ಆರಾರು ಇಂಚಿನ ಪದರಗಳಲ್ಲಿ ಗರಸು ತುಂಬಿ ಧಮ್ಮಸು ಹೊಡೆಸಿದೆವು. ನೀರು ಎಷ್ಟು ಚಿಮುಕಿಸಬೇಕೆಂಬುದಕ್ಕೂ ಲೆಕ್ಕವಿದೆ. ಒಣ ಮಣ್ಣು ಒತ್ತಾಗಿ ಕೂರದು, ಕೆಸರೂ ಕೂರದು. ಅವೆರಡರ ನಡುವಿನ ಒಂದು ತೇವದಲ್ಲಿ ಅತಿ ಗಟ್ಟಿಯಾಗುತ್ತದೆ ಎಂದು ಅಮೆರಿಕದ ಎಂಜಿನಿಯರ್ ಪ್ರಾಕ್ಟರ್ 1933ರಲ್ಲಿ ಪ್ರಕಟಿಸಿದ. ನಮ್ಮ ಗೌಂಡಿಯ ಪರೀಕ್ಷೆ ಸರಳ: ಹಿಡಿ ಮಣ್ಣು ಹಿಸುಕಿದರೆ ಉಂಡೆಯಾಗಬೇಕು, ಕೈಗೆ ಮೆತ್ತಬಾರದು.

ಕೊಳವೆಯ ಬಾಯನ್ನು ಗಟಾರಿಗೆ ತಿರುಗಿಸಿ, ಸುತ್ತಲಿನ ಪಟ್ಟಿಗೆ ಹೊರಗಡೆ ಇಳಿಜಾರು ಕೊಟ್ಟದ್ದಾಯಿತು. ಹೊಸ ಮೆಟ್ಟಿಲಿನ ಅಂಚಿಗೆ ಸರಿಯಾಗಿ ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದಿದ್ದೇನೆ. ಗುಮಾಸ್ತರು ದಿನಾ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಅದನ್ನು ನೋಡುತ್ತಾರೆ. ಪೂರ್ವದ ಬಾಗಿಲಿನ ಮಾತು ಮತ್ತೆ ಎತ್ತಿಲ್ಲ.